ಎಂಟು ವರ್ಷ ಹೊತ್ತ ಹೆಸರು

ರಾಜಘಟ್ಟ
೧೪ ಜುಲೈ ೨೦೨೪, ಭಾನುವಾರ

ಪ್ರೀತಿಯ ತಂಗಿ ಜ್ಯೋತಿಗೆ,

ನಿನ್ನ ಅಕ್ಕ ಮುನಿತಾಯಮ್ಮ ಬರೆಯುತ್ತಿದ್ದೇನೆ. ಮೊಣಕಾಲು ಒಂದನ್ನು ಬಿಟ್ಟರೆ ನಾನು ಚೆನ್ನಾಗಿದ್ದೇನೆ. ಬೂದಿಗೆರೆಯಲ್ಲಿ ನೀನು, ನಿನ್ನ ಯಜಮಾನ ದೇವರಾಜ, ಮಗಳು ಬಿಂದುಶ್ರೀ ಸುಖವಾಗಿದ್ದೀರೆಂದು ನಂಬಿದ್ದೇನೆ. ನೀನು ಕಳಿಸಿದ ಮಾವಿನ ಉಪ್ಪಿನಕಾಯಿ ಬಂದು ತಿಂಗಳಾಯಿತು, ಮುಟ್ಟಿತೆಂದು ಒಂದು ಮಾತು ತಿಳಿಸಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ನನ್ನ ಬಾಯಿ ನನ್ನ ಮಾತೇ ಕೇಳುವುದಿಲ್ಲ. ಕಾಗದವಾದರೆ ಬರೆದು ಹರಿದು ಹಾಕಬಹುದು. ಇದು ಮೂರನೆಯದು.

ಕೇಸಿನ ವಿಷಯ ನಿನಗೆ ಅರ್ಧ ಗೊತ್ತು, ಪೂರ್ತಿ ಹೇಳಿಬಿಡುತ್ತೇನೆ. ಒಂಬತ್ತು ವರ್ಷದ ಹಿಂದೆ ದೊಡ್ಡಬಳ್ಳಾಪುರದ ಆ ಬಟ್ಟೆ ಕಾರ್ಖಾನೆಯಲ್ಲಿ ಮೂವತ್ತೈದು ದಾಟಿದವರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ನನಗಾಗಲೇ ಮೂವತ್ತೊಂಬತ್ತು. ಆಳು ಸೇರಿಸುವ ಕಂಟ್ರಾಕ್ಟರ್ ಕೆಂಪರಾಜ ನಮ್ಮೂರಿನವನೇ. "ಅಕ್ಕಾ, ನಿನ್ ತಂಗಿ ಆಧಾರ್ ಈಸ್ಕೊಂಡ್ ಬಾ, ಮಿಕ್ಕಿದ್ದು ನಾನ್ ನೋಡ್ಕೋತೀನಿ" ಎಂದ. ನಿನ್ನದೂ ನನ್ನದೂ ಅಮ್ಮನ ಮುಖವೇ ಅಲ್ಲವೇ, ಯಾರೂ ಎರಡನೇ ಸಲ ನೋಡಲಿಲ್ಲ. ಜಗಲಿಯಲ್ಲಿ ಕೂತು ಹಳೇ ಕ್ಯಾಲೆಂಡರಿನ ಹಿಂದೆ ನೀನೇ ನಿನ್ನ ರುಜು ಕಲಿಸಿದೆ. ಕೆಳಗೊಂದು ಗೆರೆ, ಗೆರೆಯ ಕೆಳಗೆ ಎರಡು ಚುಕ್ಕೆ. "ಚುಕ್ಕೆ ಇಡ್ದೆ ಹೋದ್ರೆ ಅದು ನನ್ ರುಜುನೇ ಅಲ್ಲ ಕಣಕ್ಕ" ಎಂದು ತಲೆಗೆ ಮೊಟಕಿದ್ದೆ, ನೆನಪಿದೆಯೇ? ಮಾರನೆಯ ದಿನದಿಂದ ನಿನ್ನ ಕಾರ್ಡಿನಲ್ಲಿದ್ದಂತೆ ನಾನು ಜ್ಯೋತಿಲಕ್ಷ್ಮಿ. ಒಳಗೆ ಯಾರಾದರೂ ಮುನಿತಾಯಮ್ಮ ಎಂದು ಕೂಗಿದರೂ ನಾನು ತಿರುಗುತ್ತಿರಲಿಲ್ಲ. ತಿಂಗಳಿಗೊಮ್ಮೆ ಪುಸ್ತಕದಲ್ಲಿ ನಿನ್ನ ರುಜು ಹಾಕಿದರೆ ಸಂಬಳ ಕವರಿನಲ್ಲಿ, ಕೈಗೇ.

ಹೋದ ವರ್ಷ ಯೂನಿಯನ್ನಿನ ಸಂಘಮಿತ್ರ ಗೇಟಿನ ಹತ್ತಿರ ನಿಂತು ಸರ್ಕಾರದ ಕನಿಷ್ಠ ಕೂಲಿಯ ಪಟ್ಟಿ ಹಂಚಿದಳು. ನೋಡಿದರೆ ನಮಗೆ ತಿಂಗಳಿಗೆ ಎರಡು ಸಾವಿರದ ಮೇಲೆ ಖೋತಾ. "ಕಮ್ಮಿಗೆ ನಾವೇ ಒಪ್ಕೊಂಡಿದ್ವಲ್ಲಮ್ಮ" ಎಂದೆ. "ನೀವ್ ಒಪ್ಪಿದ್ರೂ ಕಾನೂನು ಒಪ್ಪಲ್ಲ ಅಕ್ಕ. ಕನಿಷ್ಠ ಕೂಲಿ ಬಿಟ್ಕೊಡ್ತೀನಿ ಅಂತ ರುಜು ಹಾಕಿದ್ರೂ ಅದಕ್ಕೆ ಬೆಲೆ ಇಲ್ಲ" ಎಂದಳು. ಎಷ್ಟು ವರ್ಷ ಪೆದ್ದಿಯಾಗಿದ್ದೆ ಎಂದು ನನ್ನ ಮೇಲೇ ಸಿಟ್ಟು ಬಂತು. ಹನ್ನೊಂದು ಜನ ಸೇರಿ ಕಾರ್ಮಿಕ ಇಲಾಖೆಗೆ ಅರ್ಜಿ ಹಾಕಿದೆವು. ಮಾರನೇ ವಾರವೇ ನಮ್ಮನ್ನು ಗೇಟಿನಾಚೆ ಹಾಕಿದರು. ನ್ಯಾಯ ಕೇಳುವಾಗ ಸುಳ್ಳು ಬೇಡವೆಂದು ಸಂಘಮಿತ್ರ ಹೇಳಿದ್ದಕ್ಕೆ ನಾನು ನನ್ನ ನಿಜವಾದ ಹೆಸರನ್ನೇ ಬರೆದು, ನಿನ್ನ ಕಾರ್ಡಿನ ವಿಷಯವನ್ನೂ ತಿಳಿಸಿದ್ದೆ.

ಮೂರು ವಿಚಾರಣೆಗೆ ಕೆಂಪರಾಜ ಬರಲೇ ಇಲ್ಲ. ಹೆಂಗಸರಿಗೆ ಬಸ್ಸು ಬಿಟ್ಟಿಯಾದದ್ದು ನಮ್ಮ ಪುಣ್ಯ, ಇಲ್ಲದಿದ್ದರೆ ಓಡಾಟದಲ್ಲೇ ಮುಗಿದು ಹೋಗುತ್ತಿದ್ದೆವು. ಹೋದ ಸೋಮವಾರ ಇಸ್ತ್ರಿ ಅಂಗಿ ಹಾಕಿಕೊಂಡು ಬಂದ. ಉಳಿದ ಹತ್ತು ಜನಕ್ಕೆ ಖೋತಾ ತುಂಬಿಕೊಡಲು ಒಪ್ಪಿದ. ನನ್ನ ಸರದಿ ಬಂದಾಗ, "ಈಯಮ್ಮ ಯಾರೋ ಗೊತ್ತಿಲ್ಲ ಸಾರ್. ಮುನಿತಾಯಮ್ಮ ಅನ್ನೋ ಹೆಸ್ರೇ ನಮ್ ರಿಜಿಸ್ಟರ್‌ನಲ್ಲಿಲ್ಲ" ಎಂದ. ಕಾರ್ಡು ತರಲು ಹೇಳಿದವನ ಬಾಯಿ ನೋಡು! ಮಗುವನ್ನೂ ಚಿವುಟುತ್ತಾನೆ, ತೊಟ್ಟಿಲನ್ನೂ ತೂಗುತ್ತಾನೆ. ಪಕ್ಕದ ಮೆಷಿನ್ನಿನ ಪಾಪಮ್ಮ ತಲೆ ತಗ್ಗಿಸಿ ನಿಂತಳು. ತನ್ನ ದುಡ್ಡು ಕೈಗೆ ಬರುವ ತನಕ ಅವಳು ಬಾಯಿ ಬಿಡುವುದಿಲ್ಲ. ಅವಳನ್ನು ಹೇಗೆ ಬೈಯಲಿ?

ಅಧಿಕಾರಿ ಒಳ್ಳೆಯವರೇ. "ಹೆಸರು ಯಾರದಾದ್ರೂ ಇರ್ಲಿ, ದುಡಿದವರು ನೀವೇ ಅಂತ ಸಾಕ್ಷಿ ಬೇಕಮ್ಮ. ನಿಮ್ ತಂಗಿ ಬಂದು ಹೇಳ್ತಾರಾ?" ಎಂದು ಕೇಳಿದರು. "ಹೇಳ್ದೆ ಏನ್ ಸಾರ್, ನನ್ ಬೆನ್ನಿಗೆ ಬಿದ್ದೋಳು" ಎಂದೆ. ಮುಂದಿನ ವಿಚಾರಣೆ ಇದೇ ಇಪ್ಪತ್ತೈದು, ಗುರುವಾರ, ಹನ್ನೊಂದು ಗಂಟೆಗೆ. ಕಾರ್ಡು ಕೊಟ್ಟದ್ದಕ್ಕೆ ನಿನ್ನನ್ನು ಏನಾದರೂ ಕೇಳಿದರೆ ತಪ್ಪು ನನ್ನದೆಂದು ನಾನೇ ಹೇಳುತ್ತೇನೆ.

ಬಿಂದುಶ್ರೀಗೆ ನರ್ಸಿಂಗ್ ಸೀಟು ಸಿಕ್ಕಿತಂತೆ, ಮೊದಲ ಫೀಸು ಕಟ್ಟಿಯೂ ಆಯಿತಂತೆ, ತುಂಬಾ ಸಂತೋಷ. ಮಗು ಚೆನ್ನಾಗಿ ಓದಲಿ, ತನ್ನ ಸ್ವಂತ ಹೆಸರಿನಲ್ಲಿ ಸಂಬಳ ತೆಗೆದುಕೊಳ್ಳಲಿ. ಮೂವರಿಗೂ ನನ್ನ ಆಶೀರ್ವಾದ.

ನಿನ್ನ ಅಕ್ಕ,
ಮುನಿತಾಯಮ್ಮ

ತಾ.ಕ.: ಮಡಿಸಿಟ್ಟ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ನನ್ನ ಬೆನ್ನಿಗೆ ಬಿದ್ದವಳು ಎಂದು ನಾನು ಹೇಳಿ ಮುಗಿಸುವಷ್ಟರಲ್ಲಿ ಕೆಂಪರಾಜ ಇನ್ನೊಂದು ಕಾಗದ ತೆಗೆದ. ಜೂನ್ ಹನ್ನೊಂದರ ರಸೀದಿ. ಜ್ಯೋತಿಲಕ್ಷ್ಮಿ ಎಂಬ ನಾನು ಎಂಟು ವರ್ಷ ದುಡಿದು, ಬಾಕಿಯೆಲ್ಲ ಸೇರಿ ನಲವತ್ತು ಸಾವಿರ ಪಡೆದಿದ್ದೇನೆ ಎಂದಿತ್ತು, ಕೆಳಗೆ ರುಜು. ಅಧಿಕಾರಿ ಅದನ್ನು ಸಂಬಳದ ಪುಸ್ತಕದ ಪಕ್ಕ ಇಟ್ಟು ನೋಡಿದರು, ಅವರ ಕಣ್ಣಿಗೆ ಎರಡೂ ಒಂದೇ. ಆದರೆ ಆ ಪುಸ್ತಕದಲ್ಲಿ ನಾನು ಒಂದು ದಿನವೂ ಚುಕ್ಕೆ ಇಟ್ಟವಳಲ್ಲ, ಹಿಂದೆ ನಿಂತವರ ಸಾಲು ನೂಕುತ್ತಿತ್ತು. ರಸೀದಿಯಲ್ಲಿ ಎರಡು ಚುಕ್ಕೆಯೂ ನೆಟ್ಟಗೆ ಕೂತಿದ್ದವು. "ಇದು ಯಾರ ರುಜು?" ಎಂದು ಕೇಳಿದರು. "ಗೊತ್ತಿಲ್ಲ ಸಾರ್" ಎಂದೆ.

ಫೀಸಿಗೆ ಬೇಕೆಂದು ಕೇಳಿದ್ದರೆ ಓಲೆ ಅಡವಿಟ್ಟು ಕೊಡುತ್ತಿದ್ದೆನಲ್ಲೇ. ಉಪ್ಪಿನಕಾಯಿ ಡಬ್ಬಿಯ ಮುಚ್ಚಳ ಇನ್ನೂ ತೆಗೆದಿಲ್ಲ. ಎಂಟು ವರ್ಷ ನಿನ್ನ ಹೆಸರು ಹೊತ್ತು ದುಡಿದೆ. ಗುರುವಾರ ಬಂದು ನನ್ನ ಹೆಸರು ಹೇಳು.