ಬಾಣಂತಿಗೆಂದು ಬಿಟ್ಟುಕೊಟ್ಟ ಕೋಣೆ

ಗುಂಡ್ಲುಪೇಟೆ,
25-9-2025

ಮುದ್ದಿನ ಮಗಳು ಭವ್ಯಳಿಗೆ,

ನಿನ್ನ ಅಮ್ಮ ಮಾಡುವ ಆಶೀರ್ವಾದಗಳು. ನಾನು, ನಿನ್ನ ಅಜ್ಜಿ ಇಬ್ಬರೂ ಚೆನ್ನಾಗಿದ್ದೇವೆ. ನೀನೂ, ಹೊಟ್ಟೆಯಲ್ಲಿರುವ ಕೂಸೂ, ಅಳಿಯಂದಿರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಕಾಗದ ತಡವಾಯಿತು, ಬೈದುಕೊಳ್ಳಬೇಡ. ಬರೆಯಲು ಕೂತು ಕೂತು ಎದ್ದುಹೋದೆ. ಫೋನಿನಲ್ಲಿ ಹೇಳೋಣವೆಂದರೆ ನೀನು ಎತ್ತಿದ ತಕ್ಷಣ "ಆಮೇಲೆ ಮಾಡ್ತೀನಿ ಕಣಮ್ಮ" ಎಂದು ಇಟ್ಟುಬಿಡುತ್ತೀಯ. ಕಾಗದವನ್ನಾದರೂ ಪೂರ್ತಿ ಓದುತ್ತೀಯಲ್ಲ. ನಿಮ್ಮೂರಿನ ಆಶಾ ಕಾರ್ಯಕರ್ತೆ ಮೇಘನಾ ಕೈಯಲ್ಲಿ ಕಳಿಸುತ್ತಿದ್ದೇನೆ. ಅವಳೂ ಚಿಕ್ಕಂದಿನಲ್ಲಿ ತಾಯಿಯ ಜೊತೆ, ಮನೆಯಿಲ್ಲದವರಿಗೆಂದು ನಡೆಸುವ ಇದೇ ಆಶ್ರಯದಲ್ಲಿ ಇದ್ದವಳು, ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ. ಒಬ್ಬಳೇ ಇದ್ದಾಗ ಓದು.

ಇಲ್ಲಿಯ ಸುದ್ದಿ ಕೇಳು. ಅಜ್ಜಿಯ ಕಾಲುನೋವು ವಾಸಿಯಾಗಿದೆ, ಬಾಯಿ ಮಾತ್ರ ಈ ಜನ್ಮದಲ್ಲಿ ವಾಸಿಯಾಗುವ ಹಾಗಿಲ್ಲ. ನಿನ್ನ ಅಪ್ಪ ತೀರಿಹೋದ ಮೇಲೆ ನಾವಿದ್ದ ಬಾಡಿಗೆ ಮನೆ ಕೆಡವಿ ಅಂಗಡಿ ಕಟ್ಟಿದರಲ್ಲ, ಅದರ ಮುಂದೆ ಹೋದಾಗಲೆಲ್ಲ ನಿಂತು ಶಾಪ ಹಾಕಿ ಬರುತ್ತಾಳೆ. ಇಲ್ಲಿ ಬೆಳಿಗ್ಗೆ ಉಪ್ಪಿಟ್ಟು ಕಂಡರೆ "ಇದ ಮನ್ಸ ತಿಂದನಾ?" ಅನ್ನುತ್ತಾಳೆ, ತಿಂದು ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಾಳೆ. ನಾನು ಅಡುಗೆಗೆ ಕೈಹಾಕಿ, ಆಮೇಲೆ ಮಂಡಿಗೆ ಈರುಳ್ಳಿ ಆರಿಸಲು ಹೋಗುತ್ತೇನೆ. ಆ ಕೆಲಸ ಕೊಡಿಸಿದ್ದೂ ಆಶ್ರಯ ನಡೆಸುವ ಮಲ್ಲಿಕಾರ್ಜುನಸ್ವಾಮಿ ಮೇಷ್ಟ್ರೇ. ರಿಟೈರ್ ಆದರೂ ನಮ್ಮನ್ನೆಲ್ಲ ಶಾಲೆಯ ಮಕ್ಕಳ ಹಾಗೆ ಗದರುತ್ತಾರೆ. ಯಾರಿಗೆ ರೇಷನ್ ಕಾರ್ಡಿಲ್ಲ, ಯಾವ ಕೂಸು ಶಾಲೆ ಬಿಟ್ಟಿದೆ ಎಂದು ಬೆನ್ನು ಹತ್ತಿ ತಿರುಗುತ್ತಾರೆ. ನಮ್ಮ ಆಧಾರ್ ಕಾರ್ಡಿಗೆ ಮತ್ತೆ ಒಂದು ವಿಳಾಸ ಬಂದದ್ದು ಅವರಿಂದಲೇ.

ನಿನಗೆ ಎಂಟು ತಿಂಗಳು ತುಂಬುತ್ತಿದೆ ಎಂದಾಗಿನಿಂದ ನನಗೆ ಒಂದೇ ಚಿಂತೆ. ಮೊದಲ ಹೆರಿಗೆ ತವರಲ್ಲೇ ಆಗಬೇಕು. ಆದರೆ ಯಾವ ತವರಿಗೆ ಕರೆಯಲಿ? ಈ ಹಳೇ ಗೋದಾಮಿನಲ್ಲಿ ಒಂದೊಂದು ಸಂಸಾರಕ್ಕೂ ಪ್ಲೈವುಡ್ ಅಡ್ಡ ಇಟ್ಟ ಜಾಗ. ಅತ್ತ ಯಾರಾದರೂ ಕೆಮ್ಮಿದರೆ ಇತ್ತ ಕೂಸುಗಳು ಎದ್ದು ಅಳುತ್ತವೆ. ಬಾಗಿಲು, ಕಿಟಕಿ ಇರುವ ಕೋಣೆ ಒಂದೇ. ಅದರಲ್ಲಿ ನಮ್ಮ ಕಾಡಂಚಿನ ಮದ್ದೂರಿನ ರಂಗನಾಯಕ, ಅವನ ಹೆಂಡತಿ ಚಿಕ್ಕಬಸಮ್ಮ ಇದ್ದರು. ಆನೆ ಬಂದು ಮನೆ ಬೀಳಿಸಿದ ಮೇಲೆ ಇಲ್ಲಿಗೆ ಬಂದವರು. ನಾನು ಮಂಕಾಗಿ ಕೂತದ್ದು ಕಂಡು ಚಿಕ್ಕಬಸಮ್ಮ ಏನೆಂದು ಕೇಳಿದಳು, ಹೇಳಿದೆ. ಅವಳು ಗಂಡನಿಗೆ ಅಂದದ್ದು ಇಷ್ಟೇ: "ಏಳು ಮ್ಯಾಕೆ, ಗಂಟುಮೂಟೆ ಕಟ್ಟು. ಭವ್ಯ ಬತ್ತಾಳಂತೆ." ಅವತ್ತೇ ಇಬ್ಬರೂ ಹೊರಗೆ ಹಜಾರದಲ್ಲಿ ಚಾಪೆ ಹಾಸಿಕೊಂಡರು.

ಆಮೇಲಿನದನ್ನು ನೀನು ನೋಡಬೇಕಿತ್ತು! ರಂಗನಾಯಕ ಕೋಣೆಗೆ ಸುಣ್ಣ ಹೊಡೆದ. ಹೆಂಗಸರೆಲ್ಲ ಹಳೇ ಹತ್ತಿ ಸೀರೆ ಹರಿದು, ಒಗೆದು, ಕೂಸಿಗೆ ಬಟ್ಟೆ ಮಡಿಸಿಟ್ಟರು. ಮೇಷ್ಟ್ರು ಯಾರದೋ ಮನೆಯ ಅಟ್ಟದಿಂದ ತೊಟ್ಟಿಲು ಇಳಿಸಿ ತಂದರು. ಅಜ್ಜಿ ಬಾಣಂತಿ ಖಾರಕ್ಕೆ ಮೆಣಸು, ಒಣಶುಂಠಿ ಕುಟ್ಟುತ್ತಾ, "ನನ್ನ ಮೊಮ್ಮಗಳಿಗೆ ಎಣ್ಣೆ ಹಚ್ಚದು ನಾನೇ ಕನ್ರಮ್ಮಿ, ಯಾರೂ ಮುಂದ್ಕೆ ಬರಬ್ಯಾಡಿ" ಎಂದು ಈಗಲೇ ಜಗಳ ತೆಗೆದಳು. ಮನೆಯಿಲ್ಲದವರೆಲ್ಲ ಸೇರಿ ನಿನಗೊಂದು ತವರು ಮಾಡಿದರು ಮಗಳೇ. ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತೇನು?

ಇನ್ನು ಬಂದು ಕರೆಯಬೇಕಲ್ಲ. ಗಾರ್ಮೆಂಟ್ಸ್ ಹಾಸ್ಟೆಲಿನಿಂದಲೇ ನೀನು ಮದುವೆಯಾಗಿ ಹೋದೆ. "ಲವ್ ಮ್ಯಾರೇಜ್ ಅಂತ ಅತ್ತೆಗೆ ಸಿಟ್ಟದೆ, ಸ್ವಲ್ಪ ದಿನ ಈ ಕಡೆ ಬರಬ್ಯಾಡ ಕಣಮ್ಮ" ಎಂದೇ ಹೇಳುತ್ತಾ ಬಂದೆ. ನಾನು ಆ ಅತ್ತೆಯ ಮುಖವನ್ನೇ ಕಂಡಿರಲಿಲ್ಲ. ಹೋದ ಶನಿವಾರ ಆಶ್ರಯದ ಟೆಂಪೊ ಯಾರೋ ಕೊಟ್ಟ ಅಕ್ಕಿ ತರಲು ನಿಮ್ಮೂರು ಕುದೇರಿನ ಕಡೆ ಹೊರಟಿತ್ತು. ಅಜ್ಜಿ, "ಪಿತೃಪಕ್ಸದಲ್ಲಿ ಬಸುರಿಯ ಕರಿಯಕೆ ಯಾರಾದ್ರೂ ಓದಾರಾ? ಪಕ್ಸ ಕಳೀಲಿ ಕಣಮ್ಮಿ" ಎಂದು ಬಡಕೊಂಡಳು. ನಾನು ಕೇಳಲಿಲ್ಲ. ಕಾಲಿಗೆ ಬಿದ್ದಾದರೂ ನಿನ್ನ ಅತ್ತೆಯನ್ನು ಒಪ್ಪಿಸಿ ಬರುತ್ತೇನೆಂದು ಹತ್ತಿ ಕೂತೆ. ನೀನು ಗಂಡನ ಜೊತೆ ಸ್ಕ್ಯಾನಿಂಗಿಗೆಂದು ಚಾಮರಾಜನಗರಕ್ಕೆ ಹೋಗಿದ್ದೆ. ಮನೆಯಲ್ಲಿ ನಿನ್ನ ಅತ್ತೆ ಗುರುಮಲ್ಲಮ್ಮನವರು ಇದ್ದರು. ಅಲ್ಲಿ ಏನಾಯಿತೆಂದು ಕೊನೆಗೆ ಬರೆಯುತ್ತೇನೆ, ಈಗ ಕೈ ಬರುತ್ತಿಲ್ಲ.

ಮುಖ್ಯ ಮಾತು ಇದು. ನೀನು ಇಲ್ಲಿಗೆ ಬರಬೇಡ. ಹೆರಿಗೆ ಅಲ್ಲೇ ಆಗಲಿ. ನಿನ್ನ ಅತ್ತೆ ತುಂಬಾ ಒಳ್ಳೆಯವರು, ಅವರ ಮಾತು ಮೀರಬೇಡ. ಡಾಕ್ಟರು ಪ್ರಯಾಣ ಬೇಡ ಅಂದರಂತೆ, ಕೋಣೆಗೆ ವಾಪಸ್ ಹೋಗು ಎಂದು ಚಿಕ್ಕಬಸಮ್ಮನಿಗೆ ಸುಳ್ಳು ಹೇಳಿದೆ. ಅವಳು, "ಇರ್ಲಿ ಬುಡಕ್ಕ, ಕೂಸ ಎತ್ಕಂಡಾದ್ರೂ ಬತ್ತಳಲ್ಲ" ಅನ್ನುತ್ತಾಳೆ. ಕೋಣೆ ಖಾಲಿಯೇ ಇದೆ. ಅದರ ಮುಂದೆ ಓಡಾಡುವುದು ನನಗೆ ಕಷ್ಟವಾಗುತ್ತದೆ.

ಬಿಸಿನೀರನ್ನೇ ಕುಡಿ. ಭಾರ ಎತ್ತಬೇಡ. ನೋವು ಶುರುವಾದರೆ ಹೆದರಬೇಡ. ಅಮ್ಮಾ ಎಂದು ಕೂಗಬೇಕು ಅನ್ನಿಸಿದರೆ ಕೂಗು. ಆ ಹೊತ್ತಿನಲ್ಲಿ ಎಲ್ಲ ಹೆಂಗಸರೂ ಕೂಗುತ್ತಾರೆ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಮಾದಪ್ಪ ಎರಡು ಜೀವವನ್ನೂ ಸುಖವಾಗಿ ಬೇರೆ ಮಾಡಲಿ. ನೂರು ಕಾಲ ಗಂಡ, ಮಕ್ಕಳೊಂದಿಗೆ ತಣ್ಣಗೆ ಬಾಳು.

ಇಂತಿ,
ನಿನ್ನ ಅಮ್ಮ
ನೀಲಾವತಿ

ವಿ.ಸೂ.: ಅವತ್ತು ನಿಮ್ಮ ಮನೆಯಲ್ಲಿ ಹಿರಿಯರ ಹಬ್ಬ. ನಾನು ಯಾರೆಂದು ಹೇಳುವ ಮೊದಲೇ ನಿನ್ನ ಅತ್ತೆ, "ಎಡೆ ಇಟ್ಟಿರ ಒತ್ನಲ್ಲಿ ಬಂದಿದ್ದೀರಿ, ಉಣ್ದಲೆ ಓಗಂಗಿಲ್ಲ ಕನವ್ವ" ಎಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಅವರ ಹಿರಿಯರ ಎಡೆಗಳ ಪಕ್ಕ ಇನ್ನೆರಡು ಎಡೆ. ಒಂದಕ್ಕೆ ಪಂಚೆ ಇಟ್ಟಿದ್ದರು, ಇನ್ನೊಂದಕ್ಕೆ ಹಸಿರು ಸೀರೆ. ಸೀರೆಯ ಮುಂದಿನ ಎಲೆಯಲ್ಲಿ ಕಜ್ಜಾಯದ ಜೊತೆ ಖಾರಾಬೂಂದಿ. ಎಡೆಗೆ ಖಾರಾಬೂಂದಿಯೇ ಎಂದು ಕೇಳಿದೆ. "ನಮ್ಮ ಸೊಸೆ ಭವ್ಯನ ಅವ್ವನಿಗೆ ಅದು ಬಲು ಆಸೆಯಂತೆ ಕನವ್ವ. ಅಪ್ಪನೂ ಇಲ್ಲ, ಅವ್ವನೂ ಇಲ್ಲ, ಮದ್ವೆಗೆ ಮುಂಚೇನೇ ಇಬ್ರೂ ತೀರೋದ್ರಂತೆ. ತಬ್ಬಲಿ ಮಗ. ನಾವಲ್ದೆ ಇನ್ಯಾರು ಇಟ್ಟಾರು ಎಡೆಯ?" ಎಂದು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ನನ್ನ ಹೆಸರು ಕೇಳಿದರು. ಚಿಕ್ಕಬಸಮ್ಮ ಅಂದೆ. ಬಸುರಿಯರನ್ನು ವಿಚಾರಿಸಿಕೊಂಡು ಹೋಗುವ ಸಂಸ್ಥೆಯವಳು ಅಂದೆ.

ಕೋಪವಿಲ್ಲ ಎಂದರೆ ಸುಳ್ಳಾಗುತ್ತದೆ. ಅಮ್ಮ ಆಶ್ರಯದಲ್ಲಿದ್ದಾಳೆ ಎನ್ನುವುದಕ್ಕಿಂತ ಸತ್ತಿದ್ದಾಳೆ ಎನ್ನುವುದು ಸುಲಭವಾಯಿತೇನೇ ನಿನಗೆ? ಆದರೆ ನಾನು ಬಾಯಿ ಬಿಟ್ಟರೆ ಆ ಮನೆಯಲ್ಲಿ ನಿನ್ನ ಮಾತಿಗೆ ಬೆಲೆ ಇರುವುದಿಲ್ಲ. ಅದಕ್ಕೇ ಬರಬೇಡ ಅಂದದ್ದು. ಎಲೆ ಹಾಕಿ ಬಡಿಸಿದರು. ನಿನ್ನ ಅಪ್ಪನ ಎಡೆಯನ್ನೂ ನನ್ನ ಎಡೆಯನ್ನೂ ನೋಡುತ್ತಾ ಉಂಡೆ.

ಹೊರಡುವಾಗ ಆ ಸೀರೆಯನ್ನು ನನ್ನ ಕೈಗಿಟ್ಟರು. "ಬಸುರಿಗೆ ಇದ ಉಡ್ಸಕೆ ನಂಗೆ ಮನಸಿಲ್ಲ. ನೀವು ಅವರವ್ವನ ವಯಸ್ನವರು, ಉಟ್ಕಳಿ" ಅಂದರು. ಚೀಲಕ್ಕೆ ಹಾಕಿಕೊಂಡು ಬಂದೆ. ಇಲ್ಲಿ ಅಜ್ಜಿ ಅದನ್ನು ಕಂಡು, "ಯಾರಮ್ಮಿ ಕೊಟ್ಟಿದ್ದು?" ಎಂದಳು. ಭವ್ಯ ಕೊಟ್ಟಳು ಅಂದೆ. ಮೊಮ್ಮಗಳು ಅವಳವ್ವನಿಗೆ ಹೊಸ ಸೀರೆ ತೆಗೆದುಕೊಟ್ಟಿದ್ದಾಳೆ ಎಂದು ಆಶ್ರಯದವರಿಗೆಲ್ಲ ತೋರಿಸಿಕೊಂಡು ಬಂದಳು.