ಹಾಳೆಯ ಎರಡನೆಯ ಹೆಸರು

ಗುರುವಾರ, ಮಾರ್ಚ್ ೧೪, ೨೦೨೪

ಹಳ್ಳ ಕಾಯುವ ನಮ್ಮ ಸಂಘಕ್ಕೆ ಮೂವತ್ತು ವರ್ಷ ತುಂಬಿತಂತೆ. ಅದರ ಚರಿತ್ರೆ ಬರೆಯುತ್ತಿರುವ ಟಮೀಕಾ ಫೋನ್ ಮಾಡಿದ್ದಳು. ಎಲ್ಲವನ್ನೂ ಕೆದಕುವ ಹುಡುಗಿ.

"ಮಿಸ್ ಒಡೆಸ್ಸಾ, ವೆಂಡೆಲ್ ಅವರು ತೀರಿಕೊಂಡಿದ್ದು ೨೦೧೬ರಲ್ಲಿ ಅಲ್ವಾ? ನೀರಿನ ಪರೀಕ್ಷೆ ಬರೆದಿಡೋ ಹಾಳೆಗಳಲ್ಲಿ ೨೦೧೯ರವರೆಗೂ ಅವರ ಹೆಸರಿದೆಯಲ್ಲ."

ಇದೆ. ನಾನೇ ಬರೆದದ್ದು.

ಅಟ್ಲಾಂಟಾದ ಚರಂಡಿ ಉಕ್ಕಿ ಹಳ್ಳ ನಾರಿದ ವರ್ಷ, ನಾನೂ ಪಕ್ಕದ ಮನೆಯ ವೆಂಡೆಲ್ಲೂ ಉಪ್ಪಿನಕಾಯಿ ಜಾಡಿಯಲ್ಲಿ ನೀರು ಹಿಡಿದು ಪರೀಕ್ಷೆಗೆ ಒಯ್ದೆವು. ಸಂಘ ಶುರುವಾದದ್ದೇ ಹಾಗೆ. ಆಮೇಲೆ ಪ್ರತಿ ಗುರುವಾರ ಅದೇ ಕೆಲಸ. ಹಳ್ಳಕ್ಕೆ ಒಬ್ಬರೇ ಇಳಿಯಬಾರದು, ಎರಡು ಹೆಸರಿಲ್ಲದ ಹಾಳೆ ಲೆಕ್ಕಕ್ಕಿಲ್ಲ ಎಂಬ ನಿಯಮ ಅವನದೇ. ಅವನು ಹೋದ ಮೇಲೆ ಬೇರೆ ಯಾರನ್ನಾದರೂ ಕರೆಯಬಹುದಿತ್ತು. ಕರೆಯಲಿಲ್ಲ. ಮೊಣಕಾಲು ಕೈಕೊಡುವವರೆಗೂ ಒಬ್ಬಳೇ ಇಳಿದೆ. ಬಗ್ಗಿದಾಗಲೆಲ್ಲ "ಜಾರೀಯೆ ಮುದುಕಿ, ನಿನ್ನ ಎತ್ತೋಕೆ ನನ್ನ ಕೈಲಾಗಲ್ಲ" ಎಂದು ಅವನು ದಡದಿಂದ ರೇಗಿಸಿದಂತೆಯೇ ಆಗುತ್ತಿತ್ತು.

"ಎಲ್ಲೋ ತಪ್ಪಾಗಿರ್ಬೇಕು, ತಿದ್ದಿಬಿಡ್ತೀನಿ," ಎಂದಳು ಟಮೀಕಾ. "ಆ ಮೂರು ವರ್ಷ ನಿಮ್ಮ ಜೊತೆ ಬರ್ತಿದ್ದೋರು ಯಾರು?"

"ಹಾಳೆಯಲ್ಲೇ ಬರೆದಿದೀನಲ್ಲಮ್ಮ," ಎಂದೆ.