ಸೂಟ್‌ಕೇಸಿಗೂ ನಾಲ್ಕು ಚಕ್ರ

ಜೂನ್ 4, ಬೆಳಿಗ್ಗೆ

ಬೂಟು ತೊಳೆದೆ. ಒಂದರ ತಳ ಬಿಟ್ಟಿದೆ, ಅಂಟು ಹಾಕಬೇಕು. ಆಸ್ಪತ್ರೆಯ ಜೀಪು ನಿನ್ನೆ ಗುಜರಿಗೆ ಹೋಯಿತು. ಪಾಪ, ಅದರ ಋಣ ತೀರಿತು. ಅದರ ಜೊತೆ ನನ್ನನ್ನೂ ಗುಜರಿಗೆ ಹಾಕಲು ಹೊರಟಿದ್ದಾರೆ ನಮ್ಮ ಚೀಫ್. "ಗುಡ್ಡದ ಮೇಲಿನ ಕೊಟ್ಟಿಗೆಗಳನ್ನ ಹೊಸ ಡಾಕ್ಟರ್ ನೋಡ್ಕೊಳ್ಳಲಿ. ನೀವು ಇಲ್ಲೇ ಕೂತು ಸರ್ಟಿಫಿಕೇಟ್ ಸೈನ್ ಮಾಡಿ. ಈ ವಯಸ್ಸಲ್ಲಿ ಯಾಕೆ ಒದ್ದಾಟ?"

ಒದ್ದಾಟವಂತೆ! ಆ ಹಸುಗಳ ಅಜ್ಜಿಯರ ಹೆರಿಗೆಯನ್ನೂ ನಾನೇ ಮಾಡಿಸಿದ್ದು. ದನದ ಡಾಕ್ಟರಿಗೆ ಗುಡ್ಡ ಹೋದರೆ ಉಳಿಯುವುದು ಕುರ್ಚಿ ಮತ್ತು ರಬ್ಬರ್ ಸ್ಟಾಂಪು. "ನಾನೇ ಗಾಡಿ ತಗೋತೀನಿ ಸರ್," ಎಂದೆ.

"ತಗೊಳ್ಳಿ. ಮೊದಲನೇ ದೊಡ್ಡ ಮಳೇಲಿ ಹತ್ತಿ ತೋರಿಸಿ. ಇಲ್ಲಾಂದ್ರೆ ಆರ್ಡರ್ ಹೊರಡುತ್ತೆ."

ಆಯಿತು. ನೋಡೇಬಿಡೋಣ.

ಜೂನ್ 7, ಶೋರೂಮಿನಿಂದ ಬಂದು

ನಮ್ಮ ಮನೆಯವರೂ ಬಂದಿದ್ದರು. ಇವರ ಅಣ್ಣನೂ — ನಾನು ಒಳಗೊಳಗೇ ಬ್ರೋಷರ್ ಭಾವ ಎನ್ನುವವರು. ಕಾರುಗಳನ್ನು ಓಡಿಸಿದ್ದಕ್ಕಿಂತ ಓದಿದ್ದೇ ಜಾಸ್ತಿ. ಸೇಲ್ಸ್‌ಮನ್ ನನ್ನ ಪ್ರಶ್ನೆಗೆಲ್ಲ ಇವರ ಮುಖ ನೋಡಿ ಉತ್ತರ ಕೊಟ್ಟ. ಇವರಿಗೆ ಲೈಸೆನ್ಸೇ ಇಲ್ಲ!

"ಹಿಂದಿನ ಚಕ್ರಕ್ಕೆ ಶಕ್ತಿ ಯಾವಾಗ ಹೋಗುತ್ತೆ?"

"ಇದು ಆಲ್ ವೀಲ್ ಡ್ರೈವ್ ಮೇಡಂ. ಮುಂದಿನದು ಜಾರಿದ ತಕ್ಷಣ ಹಿಂದಿನದಕ್ಕೂ ಕೊಡುತ್ತೆ. ಕಾರೇ ಡಿಸೈಡ್ ಮಾಡುತ್ತೆ. ನೀವು ತಲೆ ಕೆಡಿಸ್ಕೊಳ್ಳೋದೇ ಬೇಡ."

ಕೆಡಿಸಿಕೊಳ್ಳುತ್ತೇನೆ. ನನ್ನ ತಲೆ.

"ಫೋರ್ ವೀಲ್ ಡ್ರೈವ್ ಇದ್ಯಾ? ಲಿವರ್ ಇರೋದು?"

ಭಾವ ನಡುವೆ ಬಾಯಿ ಹಾಕಿದರು. "ಎರಡೂ ಒಂದೇ ಕಣಮ್ಮ, ಹೆಸರು ಬೇರೆ ಅಷ್ಟೆ. ಅದಕ್ಕೂ ನಾಲ್ಕು ಚಕ್ರ, ಇದಕ್ಕೂ ನಾಲ್ಕು ಚಕ್ರ."

"ಸೂಟ್‌ಕೇಸಿಗೂ ನಾಲ್ಕು ಚಕ್ರ ಇದೆ ಭಾವ. ಅದನ್ನ ಗುಡ್ಡ ಹತ್ತಿಸ್ತೀರಾ?"

ಇವರು ಕೆಮ್ಮಿದರು. ನಗು ಬಂದರೆ ಇವರಿಗೆ ಕೆಮ್ಮು.

ಭಾವನ ಕಾರಿಗೂ ಆಲ್ ವೀಲ್ ಬ್ಯಾಡ್ಜ್ ಇದೆ. ಸವಾಲು ಹಾಕಿಯೇಬಿಟ್ಟರು. ಭಾನುವಾರ ನನ್ನನ್ನು ಕೂರಿಸಿಕೊಂಡು ಗುಡ್ಡ ಹತ್ತುತ್ತಾರಂತೆ.

ಜೂನ್ 10, ಭಾನುವಾರ ಸಂಜೆ

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಒದ್ದೆ ಟಾರು, ಮೇಲಿಂದ ಮೇಲೆ ತಿರುವು. ಜೀಪಿನಲ್ಲಿ ನಾನು ಜೀವ ಕೈಯಲ್ಲಿ ಹಿಡಿದು ಹೋಗುತ್ತಿದ್ದ ದಾರಿ. ಭಾವನ ಕಾರು ಒಂದು ಚೂರೂ ಜಾರಲಿಲ್ಲ. ಟಾರಿನಲ್ಲೇ ಓಡಾಡುವವರಿಗೆ ಇದೇ ಸರಿ, ಎರಡು ಮಾತಿಲ್ಲ.

ಟಾರು ಮುಗಿಯಿತು. ಏರು, ಕೆಸರು. ಮುಂದಿನ ಚಕ್ರ ಗಿರಗಿರ. ಹಿಂದಿನದು ಒಂದಿಷ್ಟು ತಳ್ಳಿತು… ಮತ್ತೆ ಗಿರಗಿರ… ಆಮೇಲೆ ಸ್ಕ್ರೀನಿನಲ್ಲಿ ಬರಹ — ಸಿಸ್ಟಮ್ ಬಿಸಿಯಾಗಿದೆ, ಸದ್ಯಕ್ಕೆ ಮುಂದಿನ ಚಕ್ರ ಮಾತ್ರ. ಕಾರೇ ಡಿಸೈಡ್ ಮಾಡಿತು!

ಮೇಲಿನ ಕೊಟ್ಟಿಗೆಯವರು ಟ್ರ್ಯಾಕ್ಟರ್ ತಂದು ಎಳೆದರು. ತಳ್ಳಲು ಇಳಿದ ಭಾವನ ಬಿಳಿ ಶೂ ಒಂದು ಕೆಸರಿನಲ್ಲೇ ಉಳಿಯಿತು. "ಟೈರ್ ಸವೆದಿತ್ತು, ಅದಕ್ಕೇ," ಎಂದರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಜೂನ್ 19

ಬಂತು! ಹಳೆಯದು. ಒಂದು ಬಾಗಿಲಿನ ಬಣ್ಣವೇ ಬೇರೆ. ಗೇರಿನ ಪಕ್ಕ ಇನ್ನೊಂದು ಗಿಡ್ಡ ಲಿವರ್ — ಟೂ ಹೈ, ಫೋರ್ ಹೈ, ಫೋರ್ ಲೋ. ಟೂ ಅಂದರೆ ಹಿಂದಿನ ಎರಡೇ ಚಕ್ರ. ಫೋರ್ ಅಂದರೆ ನಾಲ್ಕೂ. ಲೋ ಹಾಕಿದರೆ ಆಮೆಯ ನಡಿಗೆ, ಆನೆಯ ಬಲ. ಮಧ್ಯಾಹ್ನವೆಲ್ಲ ಹಿತ್ತಿಲಲ್ಲಿ ಕೂತು ಎಳೆದು ತಳ್ಳಿ ನೋಡಿದೆ. ಕಿಟಕಿಯಿಂದ ಇವರು: "ಮದುವೆಯಾದ ಹೊಸದ್ರಲ್ಲಿ ನನ್ನನ್ನೂ ಇಷ್ಟು ಹೊತ್ತು ನೋಡಿರ್ಲಿಲ್ಲ ನೀನು."

ಜೂನ್ 22

ಮಾನ ಹೋಯಿತು.

ಗುಡ್ಡದ ಬುಡದಲ್ಲಿ ಪ್ರಾಕ್ಟೀಸ್ ಮಾಡಿ ಬಂದವಳು ಲಿವರ್ ವಾಪಸ್ ಟೂಗೆ ಹಾಕಲು ಮರೆತೆ. ಚುರುಕು ಬಿಸಿಲು, ಒಣ ಟಾರು. ಆಸ್ಪತ್ರೆಯ ಅಂಗಳದಲ್ಲಿ ತಿರುಗಿಸಲು ಹೋದರೆ ಗಾಡಿ ಕುಪ್ಪಳಿಸಿತು, ಟೈರು ಕಿರುಚಿತು, ಸ್ಟಿಯರಿಂಗ್ ಹಟ ಹಿಡಿಯಿತು. ಚೀಫ್ ಕಿಟಕಿಯಲ್ಲಿ. ಸಂಜೆಯೊಳಗೆ ಭಾವನ ಫೋನ್ — "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ." ಫೋನಿನಲ್ಲಿ ಇವರಿಗೆ ಹೇಳಿಕೊಂಡಿದ್ದೆ, ಊದಿದ್ದು ಇವರೇ. ಇನ್ಯಾರು?

ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಹೋಗಬೇಕು, ಹಿಂದಿನದು ಕಡಿಮೆ. ಭಾವನ ಕಾರಿನಲ್ಲಿ ಅದನ್ನು ಸರಿತೂಗಿಸಲು ನಡುವೆ ಒಂದು ಏರ್ಪಾಡಿದೆ. ನನ್ನದರಲ್ಲಿಲ್ಲ. ಫೋರ್ ಹಾಕಿದರೆ ಹಿಂದೆ ಮುಂದೆ ಬೀಗ ಹಾಕಿದ ಹಾಗೆ, ಎರಡೂ ಒಂದೇ ವೇಗ. ಕೆಸರಿನಲ್ಲಿ ಚಕ್ರ ಅಷ್ಟಿಷ್ಟು ಜಾರಿ ಲೆಕ್ಕ ಸರಿಹೋಗುತ್ತದೆ. ಒಣ ಟಾರಿನಲ್ಲಿ ಜಾರುವುದೆಲ್ಲಿಗೆ? ಇದೆಲ್ಲ ಗೊತ್ತಿತ್ತು. ಮರೆತೆ. ಗಾಡಿ ನೆನಪಿಸುವುದಿಲ್ಲ, ನೆನಪಿಡಬೇಕಾದವಳು ನಾನು. ಕೇಳಿ ಪಡೆದದ್ದೂ ಅದನ್ನೇ ಅಲ್ಲವೇ?

"ಬಗ್ಗೋದೇ ಇಲ್ಲ ಈ ಗಾಡಿ," ಎಂದೆ ಊಟದ ಹೊತ್ತಿಗೆ.

"ಜೋಡಿ ಸರಿಯಾಗಿದೆ," ಎಂದರು ಇವರು.

ಜೂನ್ 25, ಮಧ್ಯಾಹ್ನ, ಮೇಲಿನ ಕೊಟ್ಟಿಗೆ

ಬೆಳಗಿನಿಂದ ಸುರಿಯುತ್ತಲೇ ಇದೆ. ಕೊಟ್ಟಿಗೆಯ ಅಕ್ಕ ಫೋನಿನಲ್ಲಿ ಅಳುತ್ತಿದ್ದಳು. "ಕರು ಅಡ್ಡ ನಿಂತಿದೆ. ಹೊಸ ಡಾಕ್ಟ್ರ ಬೈಕು ಬುಡದಲ್ಲೇ ಹೂತು ಹೋಗಿದ್ಯಂತೆ. ಏನಾದ್ರೂ ಮಾಡಿ." ಚೀಫ್ ಬಾಗಿಲಿಗೆ ಅಡ್ಡ. "ಹೋಗ್ಬೇಡಿ. ಮೊನ್ನೆ ನೋಡಿದೆನಲ್ಲ ನಿಮ್ಮ ಡ್ರೈವಿಂಗು. ಆರ್ಡರ್ ಟೈಪಾಗಿದೆ."

"ಬಂದು ತಗೋತೀನಿ ಸರ್." ಪಕ್ಕದಿಂದ ನುಸುಳಿ ಹೊರಟೆ.

ಟಾರು ಮುಗಿದ ಕಡೆ ನಿಲ್ಲಿಸಿದೆ. ನ್ಯೂಟ್ರಲ್. ಲಿವರ್ ಹಿಂದಕ್ಕೆ — ಫೋರ್ ಲೋ. ಬೈಕಿನ ಪಕ್ಕ ಕೊಡೆ ಹಿಡಿದು ನಿಂತಿದ್ದ ಹೊಸ ಡಾಕ್ಟರನ್ನು ಹತ್ತಿಸಿಕೊಂಡೆ.

"ಮೇಡಂ, ಇದು ಹತ್ತುತ್ತಾ?"

"ಗೊತ್ತಿಲ್ಲ. ಗಟ್ಟಿಯಾಗಿ ಕೂತ್ಕೊ."

ಆಕ್ಸಿಲರೇಟರ್ ಮೇಲೆ ಕಾಲು ಹಗುರ. ಗಾಡಿ ತೆವಳಿತು. ಜಾರಿತು, ಹಿಡಿಯಿತು, ತೆವಳಿತು. ಭಾವನ ಶೂ ಹೋದ ಜಾಗ ದಾಟಿದಾಗ ಕೂಗಿಯೇಬಿಟ್ಟೆ. ಪಕ್ಕದವನೂ ಕೂಗಿದ, ಯಾಕೆಂದು ಗೊತ್ತಿಲ್ಲದೆ.

ಒಳಗೆ ಕೈ ಹಾಕಿ ತಿರುಗಿಸಿದವಳು ನಾನು, ಹಗ್ಗ ಹಿಡಿದು ಎಳೆದವನು ಅವನು. ಹೆಣ್ಣುಕರು. ಮೂಗಿಗೆ ಹುಲ್ಲುಕಡ್ಡಿ ಆಡಿಸಿದ ಮೇಲೆ ಸೀನಿತು. ಅಕ್ಕ ಮತ್ತೆ ಅತ್ತಳು. ನಾನೂ.

ಫೋನು ಬಡಿದುಕೊಳ್ಳುತ್ತಿದೆ. ಚೀಫ್. ಬಡಿದುಕೊಳ್ಳಲಿ. ಹೇಳಬೇಕಾದ್ದನ್ನು ಮೊದಲು ಇಲ್ಲಿ ಬರೆದು ಆಮೇಲೆ ಎತ್ತುತ್ತೇನೆ — ನಾನು ಗುಡ್ಡದ ಮೇಲಿದ್ದೀನಿ ಸರ್. ಆರ್ಡರ್ ಕೊಡಲೇಬೇಕು ಅಂತಿದ್ರೆ ಇಲ್ಲಿಗೇ ತಂದ್ಕೊಡಿ. ಬರುವಾಗ ಬಿಳಿ ಶೂ ಮಾತ್ರ ಹಾಕ್ಕೊಂಡು ಬರ್ಬೇಡಿ.